ಸಿರಿಯ ಪರಿಚಯವೂ ಋಣದ ಕಲಮೂ

ಸಿರಿವಂತರಾದ ಅವಿವಾಹಿತರನ್ನು ಪರಿಚಯ ಮಾಡಿಕೊಡುವುದಾಗಿ ಸಾರುವ ಡೇಟಿಂಗ್ ಆ್ಯಪ್‌ಗಳ ಪೈಕಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಯು ಈಗ ಮಹಾನಗರಗಳ ಒಂದು ಸಣ್ಣ ವರ್ಗದ ಕುತೂಹಲವಾಗಿ ಉಳಿದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳಿಂದ ಓದಿಗೆಂದೂ ನೌಕರಿಗೆಂದೂ ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಹೋಗಿ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ನೆಲಸಿರುವ ನಮ್ಮ ಸಗರನಾಡಿನ ತರುಣ ತರುಣಿಯರ ಮೊಬೈಲಿನಲ್ಲಿ ಇಂಥ ಆ್ಯಪ್‌ಗಳಿವೆ. ಊರಿನಲ್ಲಿಯೇ ಉಳಿದವರ ಮೊಬೈಲಿನಲ್ಲಿಯೂ ಇವೆ. ಹಿರಿಯರು ಇದನ್ನು ಕಂಡು ಕೋಪಗೊಳ್ಳುವುದುಂಟು, ಕಂಡೂ ಕಾಣದವರಂತೆ ಇರುವುದೂ ಉಂಟು. ಈ ಎರಡರಿಂದಲೂ ಮಕ್ಕಳಿಗೆ ಯಾವ ಪ್ರಯೋಜನವೂ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆರಿಸುವವರು ಏನನ್ನು ನೋಡಿ ಆರಿಸಬೇಕು, ಐಶ್ವರ್ಯವನ್ನೇ ಮೊದಲನೆಯ ಅರ್ಹತೆಯಾಗಿ ಮುಂದಿಟ್ಟುಕೊಂಡು ಬರುವ ಪರಿಚಯದಲ್ಲಿ ಯಾವ ಅಂಶವು ಮರೆಯಾಗಿರುತ್ತದೆ ಎಂಬುದನ್ನು ಬಹಿರಂಗವಾಗಿ, ಸಮಾಧಾನದಿಂದ ವಿಚಾರಮಾಡುವ ಕಾಲ ಬಂದಿದೆ.

ಆಸ್ತಿಯನ್ನು ವಿಚಾರಿಸಿ ಸಂಬಂಧ ಬೆಳೆಸುವ ಅಭ್ಯಾಸವನ್ನು ನಮಗೆ ಆ್ಯಪ್‌ಗಳು ಕಲಿಸಲಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ವರನ ಮನೆಯನ್ನು ನೋಡಲು ಹೋದ ಹೆಣ್ಣಿನ ಕಡೆಯ ಹಿರಿಯರು, ಕೈಗೆ ಬಂದ ಚಹಾ ಆರುವ ಮೊದಲೇ ಕೇಳುತ್ತಿದ್ದ ಮಾತು, "ಹೊಲ ಎಷ್ಟದ? ಖುಷ್ಕಿನೋ, ಕೆನಾಲಿಂದೋ?" ಎಂಬುದು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆಯ ಕಾಲುವೆಯೂ ಅದರ ಶಾಖೆಗಳೂ ಸುರಪುರ, ಶಹಾಪುರಗಳ ಕರಿಯ ನೆಲಕ್ಕೆ ನೀರನ್ನು ತಂದ ಮೇಲೆ, ಜೋಳ ತೊಗರಿಗಳ ಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾದುವು. ಅದರೊಡನೆ ವರರ ಯೋಗ್ಯತೆಯನ್ನು ಅಳೆಯುವ ಕ್ರಮವೂ ಪಲ್ಲಟವಾಯಿತು. ಮೊದಲು ಎಕರೆಯ ಸಂಖ್ಯೆಯೇ ಪ್ರಧಾನವಾಗಿದ್ದ ಮಾತುಕತೆಯಲ್ಲಿ ನೀರಿನ ಮಾತು ಮುಂದೆ ಬಂದಿತು. ಇನ್ನೂ ಸೂಕ್ಷ್ಮಜ್ಞರಾದ ಹಿರಿಯರು "ನೀರು ಟೇಲ್ ಎಂಡಿಗೆ ಮುಟ್ಟತದೇನ್ರಿ?" ಎಂದು ಕೇಳುತ್ತಿದ್ದರು, ಏಕೆಂದರೆ, ಕಾಗದದಲ್ಲಿ ನೀರಾವರಿಯೆಂದು ಬರೆಯಿಸಿಕೊಂಡ ಹೊಲವು ಕಾಲುವೆಯ ಕೊನೆಯ ಭಾಗದಲ್ಲಿದ್ದರೆ ಬೇಸಗೆಯ ಬೆಳೆಗೆ ನೀರು ಬರುವುದು ಎಷ್ಟು ಅನಿಶ್ಚಿತವೆಂಬುದು ಅವರ ಅನುಭವದ ಸಂಗತಿಯಾಗಿತ್ತು. ಈಚೆಗೆ, ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ದೊರೆತ ಮೇಲೆ, ಹೊಲದ ಪ್ರಶ್ನೆಯೂ ಹಿಂದೆ ಸರಿದು "ಹುಡುಗಗ ನೌಕರಿ ಅದನೋ? ಪರ್ಮನೆಂಟೋ?" ಎಂಬುದೇ ಮೊದಲ ಮಾತಾಗಿದೆ. ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಸಿಕ್ಕದಿರುವ ದುಃಖವನ್ನು ಹೇಳಿಕೊಳ್ಳಲು 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ತರುಣರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅದೇ ದುಃಖವು ನಮ್ಮ ಊರುಗಳ ಕಟ್ಟೆಗಳ ಮೇಲೆಯೂ ಕುಳಿತಿದೆ. ಇಲ್ಲಿಯವರು ನಡೆದುಹೋಗಲಿಲ್ಲ, ಅಷ್ಟೆ.

ಧನದ ಲೆಕ್ಕವು ಯಾವಾಗಲೂ ಒಂದೇ ದಿಕ್ಕಿನಲ್ಲಿ ಹರಿದುದಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಕನ್ನಡನಾಡಿನ ಎಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆತಾಯಿಗಳಿಗೆ ತೆರವನ್ನು ಕೊಟ್ಟು ಕನ್ಯೆಯನ್ನು ತರುವ ಪದ್ಧತಿಯೇ ಇದ್ದಿತು. ಹೆಣ್ಣು ಹೊಲದಲ್ಲಿ ದುಡಿಯುವ ಕೈಯೆಂಬ ಅರಿವು ಅದರ ಹಿಂದೆ ಇದ್ದಿತು. ಸಂಬಳದ ನೌಕರಿ, ಪೇಟೆಯ ಓದು, ಕೈಯಲ್ಲಿ ಆಡುವ ರೊಕ್ಕ ಇವು ಬಂದ ಮೇಲೆ ತೆರವು ಅಳಿದು ವರದಕ್ಷಿಣೆ ಬೆಳೆಯಿತೆಂಬುದನ್ನು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1984ರಲ್ಲಿ ಪ್ರಕಟವಾದ ಒಂದು ಚಿಕ್ಕ ಪುಸ್ತಕದಲ್ಲಿ ವಿವೇಚಿಸಿದ್ದಾರೆ. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ 1961ರಲ್ಲಿಯೇ ಬಂದಿದೆ. ಆದರೂ ಇಂದು ಮದುವೆಯ ಮಾತುಕತೆಯಲ್ಲಿ ತೊಲೆಗಳ ಲೆಕ್ಕವು ನಿಂತಿಲ್ಲ. ಹೀಗಿರುವಾಗ, ಐಶ್ವರ್ಯದ ಆಧಾರದಿಂದ ಜೊತೆಗಾರರನ್ನು ಹುಡುಕಿಕೊಡುವ ಆ್ಯಪ್‌ಗಳನ್ನು ಪರದೇಶದ ಪಾಪವೆಂದು ದೂರಿ ಕೈತೊಳೆದುಕೊಳ್ಳುವ ಅಧಿಕಾರ ನಮಗಿಲ್ಲ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನಬೆಳಗಾದರೆ ಬರುವ ಬಯೋಡಾಟಾಗಳನ್ನು ನೋಡಿದರೆ ಸಾಕು: ಮೇಲೆ ಗಣಪತಿಯ ಚಿತ್ರ, ಕೆಳಗೆ ಹೆಸರು, ನಕ್ಷತ್ರ, ಎತ್ತರ, ಆಮೇಲೆ ದಪ್ಪ ಅಕ್ಷರದಲ್ಲಿ ಎಕರೆಗಳು, ಶಹಾಪುರದಲ್ಲೊಂದು ಪ್ಲಾಟು, ಕಲಬುರಗಿಯಲ್ಲೊಂದು ಮನೆ, ತಿಂಗಳ ಸಂಬಳ. ಹುಡುಗನಿಗೆ ಏನು ಪ್ರಿಯ, ಹುಡುಗಿಗೆ ಮುಂದೆ ಓದುವ ಇಚ್ಛೆ ಉಂಟೋ ಇಲ್ಲವೋ ಎಂಬುದಕ್ಕೆ ಆ ಹಾಳೆಯಲ್ಲಿ ಒಂದು ಸಾಲೂ ದೊರೆಯುವುದಿಲ್ಲ.

ಈ ಹಾಳೆಯೇ ಕ್ರಮೇಣ ಯಂತ್ರವನ್ನು ಸೇರಿತು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಹುಟ್ಟಿದ ಶಾದಿ ಡಾಟ್ ಕಾಮ್, ಭಾರತ್ ಮ್ಯಾಟ್ರಿಮೊನಿ ಮೊದಲಾದ ತಾಣಗಳು ಜಾತಿ, ಉಪಜಾತಿ, ವಾರ್ಷಿಕ ಆದಾಯಗಳನ್ನು ಜರಡಿಯಾಗಿಟ್ಟುಕೊಂಡು ವಧೂವರರನ್ನು ತೋರಿಸಿದುವು; ಆಮೇಲೆ ಶ್ರೀಮಂತ ಕುಟುಂಬಗಳಿಗಾಗಿಯೇ, ದುಬಾರಿ ಶುಲ್ಕಕ್ಕೆ, ಒಬ್ಬ ಮಧ್ಯಸ್ಥನನ್ನು ಗೊತ್ತುಮಾಡಿ ಸಂಬಂಧ ನೋಡುವ ಎಲೈಟ್ ಮ್ಯಾಟ್ರಿಮೊನಿಯಂಥ ವಿಭಾಗಗಳು ಬಂದುವು. ಮದುವೆಯ ಮಾತೆತ್ತದೆ ಪರಿಚಯದಿಂದ ಪ್ರಾರಂಭಿಸುವ ಟಿಂಡರ್ ಅಮೆರಿಕದಲ್ಲಿ 2012ರಲ್ಲಿ ತೊಡಗಿತು. ಬಂಬಲ್ 2018ರಲ್ಲಿ ಭಾರತಕ್ಕೆ ಬಂದಿತು. ಲಕ್ಸಿ, ದಿ ಲೀಗ್, ರಾಯಾ ಮೊದಲಾದವು ಧನವನ್ನೋ ಪದವಿಯನ್ನೋ ಪ್ರಸಿದ್ಧಿಯನ್ನೋ ಪ್ರವೇಶದ ಹೊಸ್ತಿಲಾಗಿ ಮಾಡಿಕೊಂಡವುಗಳು. ಇವುಗಳಲ್ಲಿ ಒಂದೊಂದರ ಗುಣದೋಷಗಳನ್ನು ಎಣಿಸುವ ಗೋಜಿಗೆ ನಾನು ಹೋಗುವುದಿಲ್ಲ; ಇಂದಿನ ನಿಯಮ ನಾಳೆ ಇರುವುದಿಲ್ಲ.

ಆದರೆ ಒಂದು ಬಗೆಯ ತಾಣಗಳ ವಿಷಯದಲ್ಲಿ ಮಾತ್ರ ಸುಮ್ಮನಿರಲಾರೆ. 2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಸೀಕಿಂಗ್ ಅರೇಂಜ್‌ಮೆಂಟ್ ಎಂಬುದು, ವಯಸ್ಸಾದ ಸಿರಿವಂತರನ್ನೂ ಎಳೆಯ ವಯಸ್ಸಿನ, ಕೈಯಲ್ಲಿ ಹಣವಿಲ್ಲದ ಯುವತಿಯರನ್ನೂ ಜೊತೆಗೂಡಿಸುವ ವ್ಯವಹಾರವನ್ನು ನೇರವಾಗಿಯೇ ನಡೆಸಿತು. ಅದರ ಮಾದರಿಯ ಹಲವು ಆ್ಯಪ್‌ಗಳು ಹುಟ್ಟಿಕೊಂಡುವು. ಹಣದ ಪ್ರತಿಫಲಕ್ಕಾಗಿ ಶರೀರಸಂಬಂಧವನ್ನು ಏರ್ಪಡಿಸುವ ಇಂಥ ಆ್ಯಪ್‌ಗಳನ್ನು ಗೂಗಲ್ ಸಂಸ್ಥೆಯು 2021ರ ಸೆಪ್ಟೆಂಬರಿನಿಂದ ತನ್ನ ಪ್ಲೇ ಸ್ಟೋರಿನಲ್ಲಿ ನಿಷೇಧಿಸಿತು. ನಿಷೇಧವಾದರೂ ಬೇರೆ ಹೆಸರು, ಬೇರೆ ದಾರಿಗಳಿಂದ ಅವು ಬರುತ್ತಲೇ ಇರುತ್ತವೆ. ಇದನ್ನು ನಾಗರಿಕತೆಯ ಹೊಸ ಸ್ವಾತಂತ್ರ್ಯವೆಂದು ಹೇಳುವವರಿದ್ದಾರೆ. ನಮ್ಮ ಸೀಮೆಯವರಿಗೆ ಇದು ಹೊಸತಲ್ಲ. ಬಡವರ ಮನೆಯ ಹುಡುಗಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ, ಅವಳು ಊರಿನ ಉಳ್ಳವನೊಬ್ಬನ ಆಶ್ರಯದಲ್ಲಿರುವಂತೆ ಮಾಡಿ, ಅವಳಿಗೆ ಹೆಂಡತಿಯ ಹಕ್ಕನ್ನಾಗಲಿ ಅವಳ ಮಕ್ಕಳಿಗೆ ತಂದೆಯ ಹೆಸರನ್ನಾಗಲಿ ಕೊಡದೆ ನಡೆಸಿಕೊಂಡು ಬಂದ ಅನಾಚಾರವನ್ನು ಕರ್ನಾಟಕವು 1982ರ ದೇವದಾಸಿ ನಿಷೇಧ ಕಾಯಿದೆಯಿಂದ ಅಪರಾಧವೆಂದು ಸಾರಬೇಕಾಯಿತು. ಆ ಹೆಂಗಸರಲ್ಲಿ ಅನೇಕರು ಇಂದಿಗೂ ನಮ್ಮ ತಾಲ್ಲೂಕುಗಳಲ್ಲಿ ಮಾಸಾಶನಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಒಬ್ಬರ ಬಡತನವೂ ಇನ್ನೊಬ್ಬರ ಐಶ್ವರ್ಯವೂ ಎದುರುಬದುರಾಗಿ ಕುಳಿತು ಮಾಡಿಕೊಳ್ಳುವ ಒಪ್ಪಂದದಲ್ಲಿ ಒಪ್ಪಿಗೆಯು ಎಷ್ಟು ಸ್ವತಂತ್ರವಾಗಿರುತ್ತದೆಂಬುದನ್ನು ಬಲ್ಲ ನಾಡು ನಮ್ಮದು. ಅಂಥ ಆ್ಯಪ್‌ಗಳನ್ನು ಆಯ್ಕೆಯ ಪಟ್ಟಿಯಿಂದಲೇ ಹೊರಗಿಡಬೇಕೆಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಉಳಿದ, ಮದುವೆಗಾಗಿಯೋ ಸ್ನೇಹಕ್ಕಾಗಿಯೋ ಇರುವ ಆ್ಯಪ್‌ಗಳ ಮಾತಿಗೆ ಬರೋಣ. ಅವುಗಳಲ್ಲಿ ಕಾಣುವ ಐಶ್ವರ್ಯವು ಬಹುಮಟ್ಟಿಗೆ ಸ್ವಯಂಘೋಷಿತವಾದುದು. ಆದಾಯದ ಪಟ್ಟಿಯಿಂದ ಒಂದು ಸಾಲನ್ನು ಬೆರಳಿನಿಂದ ಒತ್ತಿದರೆ ವರ್ಷಕ್ಕೆ ಐವತ್ತು ಲಕ್ಷ ಬರುತ್ತದೆ. ಇನ್ನೊಬ್ಬರ ಕಾರಿಗೆ ಒರಗಿ ನಿಂತ ಚಿತ್ರದಿಂದ ಕಾರು ಬರುತ್ತದೆ. ಸೆಲ್ಫಿ ವಿಡಿಯೊ ತೆಗೆಯಿಸಿ ಮುಖವನ್ನು ಹೋಲಿಸಿ ನೋಡುವ ವ್ಯವಸ್ಥೆ ಕೆಲವು ಆ್ಯಪ್‌ಗಳಲ್ಲಿ ಉಂಟು. ಸರ್ಕಾರಿ ಗುರುತಿನ ಚೀಟಿಯನ್ನು ಕೇಳುವುದೂ ಉಂಟು. ಇದು ಒಳ್ಳೆಯದೇ. ಆದರೆ ಹೀಗೆ ಪರಿಶೀಲನೆಯಾದವರ ಹೆಸರಿನ ಪಕ್ಕದಲ್ಲಿ ಕಾಣುವ ನೀಲಿಯ ಗುರುತು, ಚಿತ್ರದಲ್ಲಿರುವ ಮುಖವೂ ಮೊಬೈಲನ್ನು ಹಿಡಿದಿರುವ ಮುಖವೂ ಒಂದೇ ಎಂಬಷ್ಟನ್ನು ಮಾತ್ರ ಹೇಳುತ್ತದೆ; ಆ ಮುಖದವನಿಗೆ ಊರಿನಲ್ಲಿ ಹೆಂಡತಿ ಉಂಟೆ, ಅವನ ಧನವು ಅವನದೆ, ಅವನು ಯಾರಿಗೆ ಎಷ್ಟು ಕೊಡಬೇಕಾಗಿದೆ ಎಂಬುದರ ಬಗ್ಗೆ ಅದಕ್ಕೆ ಏನೂ ತಿಳಿಯದು. ಹಣ ಕೊಟ್ಟು ಪಡೆದ ದುಬಾರಿ ಸದಸ್ಯತ್ವವನ್ನು ಸಭ್ಯತೆಯ ಪ್ರಮಾಣಪತ್ರವೆಂದು ತಿಳಿಯುವುದೂ ಭ್ರಾಂತಿಯೇ. ವಂಚಕನು ಆ ಶುಲ್ಕವನ್ನು ಬಂಡವಾಳವೆಂದು ಭಾವಿಸಿ ಸಂತೋಷದಿಂದ ಕಟ್ಟುತ್ತಾನೆ.

ಇಲ್ಲಿ ನಮ್ಮ ರೈತರೆಲ್ಲರೂ ಬಲ್ಲ ಒಂದು ಕಾಗದವನ್ನು ನೆನಪಿಗೆ ತರುತ್ತೇನೆ. ಕರ್ನಾಟಕದ ಪಹಣಿಯಲ್ಲಿ 9ನೆಯ ಕಲಮಿನಲ್ಲಿ ಹೊಲದ ಮಾಲಿಕನ ಹೆಸರೂ ವಿಸ್ತೀರ್ಣವೂ ಇರುತ್ತವೆ. 10ನೆಯದರಲ್ಲಿ ಅದು ಅವನಿಗೆ ಹೇಗೆ ಬಂದಿತೆಂಬುದು. 11ನೆಯದರಲ್ಲಿ ಇತರರ ಹಕ್ಕುಗಳೂ ಋಣಗಳೂ. ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದ ಮೇಲೆ ಸರ್ವೆ ನಂಬರು ಗೊತ್ತಿದ್ದವರು ಯಾರಾದರೂ ಇದನ್ನು ನೋಡಬಹುದು. ಸಂಬಂಧ ನೋಡಲು ಹೋಗುವ ಜಾಣ ಸೋದರಮಾವನು 9ನೆಯ ಕಲಮನ್ನು ನೋಡಿ ತೃಪ್ತನಾಗದೆ ಬೆರಳನ್ನು 11ನೆಯ ಕಲಮಿಗೆ ಒಯ್ಯುತ್ತಾನೆ: ಬ್ಯಾಂಕಿನ ಸಾಲವೆಷ್ಟು, ಸಹಕಾರಿ ಸಂಘದ್ದೆಷ್ಟು, ದಾಯಾದಿಗಳ ತಕರಾರು ಉಂಟೋ. ಆ್ಯಪಿನ ಪರಿಚಯಪತ್ರವು 9ನೆಯ ಕಲಮಿಗೆ ಮುಗಿದುಹೋಗುತ್ತದೆ; ಅಲ್ಲಿ 11ನೆಯ ಕಲಮು ಎಂಬುದೇ ಇಲ್ಲ.

ಐಶ್ವರ್ಯದ ಹಿಂದೆ ಋಣವು ಅವಿತಿರುವ ಪಾಠವನ್ನು ನಮ್ಮ ಚರಿತ್ರೆಯೂ ಹೇಳಿದೆ. ಬೇಡರ ಅರಸುಮನೆತನದ ಸುರಪುರ ಸಂಸ್ಥಾನಕ್ಕೆ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬಂದಾಗ, ಅದು ಕೋಟೆ, ಅರಮನೆ, ಸೈನ್ಯಗಳ ವೈಭವದಿಂದ ಕೂಡಿದ್ದಿತಾದರೂ, ನಿಜಾಮನಿಗೆ ಸಲ್ಲಬೇಕಾದ ನಜರಾಣೆಯ ಬಾಕಿಯ ಭಾರದಿಂದ ಬಳಲುತ್ತಿದ್ದಿತು. ಬಾಲಕನಾದ ರಾಜಾ ವೆಂಕಟಪ್ಪ ನಾಯಕನ ಹೆಸರಿನಲ್ಲಿ 1853ರ ವರೆಗೆ ಆಡಳಿತವನ್ನು ನಡೆಸಿದ ಟೇಲರನು ಆ ಲೆಕ್ಕಗಳನ್ನು ಬಿಡಿಸಲು ಪಟ್ಟ ಶ್ರಮವನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಅರಸೊತ್ತಿಗೆಗೇ ಹೀಗಾದರೆ, ಮೊಬೈಲಿನ ಚಿತ್ರದಲ್ಲಿ ಮಿನುಗುವ ಸಿರಿಯನ್ನು ಪರೀಕ್ಷಿಸದೆ ನಂಬುವುದು ಹೇಗೆ?

ನಂಬಿ ಕೆಟ್ಟವರ ಕಥೆ ಜಗತ್ತಿಗೆಲ್ಲ ತಿಳಿದಿದೆ. ವಜ್ರದ ವ್ಯಾಪಾರಿಯೊಬ್ಬರ ಮಗನೆಂದು ಹೇಳಿಕೊಂಡು ಸೈಮನ್ ಲೆವಾಯೆವ್ ಎಂಬ ಹೆಸರಿನಿಂದ ಟಿಂಡರಿನಲ್ಲಿ ಕಾಣಿಸಿಕೊಂಡ ಇಸ್ರೇಲಿನ ವ್ಯಕ್ತಿಯು ಯೂರೋಪಿನ ಸುಶಿಕ್ಷಿತ ಮಹಿಳೆಯರನ್ನು ಖಾಸಗಿ ವಿಮಾನ, ದೊಡ್ಡ ಹೋಟೆಲುಗಳ ಆಡಂಬರದಿಂದ ಒಲಿಸಿಕೊಂಡು, ತನಗೆ ಶತ್ರುಗಳ ಭಯವಿದೆಯೆಂದು ಹೇಳಿ ಅವರಿಂದ ಸಾಲ ತೆಗೆಯಿಸಿ, ಒಬ್ಬಳ ಹಣದಿಂದ ಇನ್ನೊಬ್ಬಳಿಗೆ ಔತಣ ಮಾಡಿಸುತ್ತಿದ್ದನು. ನಾರ್ವೆಯ ವಿಜಿ ಪತ್ರಿಕೆ 2019ರಲ್ಲಿ ಇದನ್ನು ಹೊರಗೆಡವಿತು. 2022ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಸಾಕ್ಷ್ಯಚಿತ್ರವಾಗಿ ತೋರಿಸಿತು. ಅವನು ಅದಕ್ಕೆ ಎಷ್ಟೋ ಮೊದಲೇ ಫಿನ್ಲೆಂಡಿನಲ್ಲಿ ವಂಚನೆಗಾಗಿ ಸೆರೆವಾಸವನ್ನು ಅನುಭವಿಸಿದ್ದವನು; ಆ ಋಣದ ಕಲಮು ಆ ಮಹಿಳೆಯರ ಕಣ್ಣಿಗೆ ಬೀಳಲಿಲ್ಲ. ನಮ್ಮ ದೇಶದಲ್ಲಿ ನಡೆಯುವ ಮೋಸಗಳಿಗೆ ಖಾಸಗಿ ವಿಮಾನವೂ ಬೇಡ. ಲಂಡನ್ನಿನ ವೈದ್ಯನೆಂದೋ ಸಮುದ್ರದ ತೈಲಬಾವಿಯ ಎಂಜಿನಿಯರ್ ಎಂದೋ ಪರಿಚಯ ಬೆಳೆಸಿ, ಬಂಗಾರವಿರುವ ಉಡುಗೊರೆಯ ಪೊಟ್ಟಣವನ್ನು ಕಳಿಸಿದ್ದೇನೆ, ಅದು ದೆಹಲಿಯ ಕಸ್ಟಮ್ಸಿನಲ್ಲಿ ನಿಂತಿದೆ, ತೆರಿಗೆ ಕಟ್ಟಿ ಬಿಡಿಸಿಕೊ ಎಂದು ಹಣ ಕೀಳುವುದು ಹಳೆಯ ವಿಧಾನ. ವಾರಗಟ್ಟಲೆ ಮಧುರವಾಗಿ ಮಾತಾಡಿ, ತಾನು ಶೇರು, ಕ್ರಿಪ್ಟೊಗಳಲ್ಲಿ ಗಳಿಸಿದ ಲಾಭವನ್ನು ತೋರಿಸಿ, ತನ್ನ ಹಾಗೆಯೇ ಗಳಿಸೆಂದು ನಕಲಿ ಆ್ಯಪೊಂದಕ್ಕೆ ಹಣ ಹಾಕಿಸುವುದು ಹೊಸ ವಿಧಾನ. ವಿಡಿಯೊ ಕಾಲಿನಲ್ಲಿ ನಗ್ನಚಿತ್ರ ಹಿಡಿದು ಬೆದರಿಸುವುದು ಮೂರನೆಯದು. ಇದಕ್ಕೆ ಸಿಕ್ಕಿಬೀಳುವವರಲ್ಲಿ ಗಂಡಸರೂ ಉಂಟು, ಸಂಸಾರಸ್ಥರೂ ಉಂಟು.

ಕಾಯಿದೆಯು ಸುಮ್ಮನಿಲ್ಲ. ಕೇಂದ್ರ ಸರ್ಕಾರವು 2016ರ ಜೂನಿನಲ್ಲಿ ವಿವಾಹ ಜಾಲತಾಣಗಳಿಗೆ ಸಲಹಾಸೂತ್ರಗಳನ್ನು ಹೊರಡಿಸಿ, ಸದಸ್ಯರ ಗುರುತನ್ನು ಪರಿಶೀಲಿಸಬೇಕು, ವಂಚನೆಯ ಎಚ್ಚರಿಕೆಯನ್ನು ಪ್ರಕಟಿಸಬೇಕು, ದೂರು ಕೇಳುವ ಅಧಿಕಾರಿಯನ್ನು ಇಡಬೇಕು ಎಂದು ವಿಧಿಸಿತು. ಕಂಪ್ಯೂಟರಿನ ಮೂಲಕ ಬೇರೊಬ್ಬನಾಗಿ ನಟಿಸಿ ಮೋಸ ಮಾಡುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಪ್ರಕರಣದಲ್ಲಿ 3 ವರ್ಷಗಳವರೆಗೆ ಸೆರೆವಾಸವುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಪ್ರಕರಣವು, ಈಡೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟೋ ನಿಜವಾದ ಗುರುತನ್ನು ಮರೆಮಾಚಿ ಮದುವೆಯಾಗಿಯೋ ಹೆಣ್ಣಿನೊಡನೆ ಶರೀರಸಂಬಂಧ ಬೆಳೆಸಿದವನಿಗೆ 10 ವರ್ಷಗಳವರೆಗೆ ಶಿಕ್ಷೆಯನ್ನು ಹೇಳುತ್ತದೆ. ಇವೆಲ್ಲವೂ ಬೇಕಾದುವೇ. ಆದರೂ ಕಾಯಿದೆಯು ಅನ್ಯಾಯವಾದ ಮೇಲೆ ಬರುವುದು; ಆಯ್ಕೆಯು ಅದಕ್ಕೆ ಮುಂಚಿನ ಮಾತು.

ಹಾಗಾದರೆ ಹಳೆಯ ಪದ್ಧತಿಗೇ ಮರಳೋಣವೆ? ಹಿರಿಯರು ನೋಡುತ್ತಿದ್ದ ಸಂಬಂಧಗಳಲ್ಲಿ ಒಂದು ಸದ್ಗುಣವಿತ್ತು: ಮೂರನೆಯವರೊಬ್ಬರ ಸಾಕ್ಷಿ. ಹುಡುಗನ ಊರಿಗೆ ಹೋದವರು ಅವನ ಮನೆಯಲ್ಲಿ ಕೇಳಿದ್ದನ್ನು ಹೋಟೆಲಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಮತ್ತೆ ವಿಚಾರಿಸಿ ತಾಳೆ ನೋಡುತ್ತಿದ್ದರು. ಕುಡಿತ, ಜಗಳ, ಮೊದಲ ಮದುವೆ ಯಾವುದೂ ಮುಚ್ಚಿಡುವಂತಿರಲಿಲ್ಲ. ಆದರೆ ಆ ಸಾಕ್ಷಿಗಳ ನಡುವೆ ಹೆಣ್ಣಿನ ದನಿಯೇ ಇರುತ್ತಿರಲಿಲ್ಲ. ಬಾಲ್ಯವಿವಾಹಗಳೂ ಅದೇ ಹಿರಿಯರ ಸಾಕ್ಷಿಯಲ್ಲಿ ನಡೆದುವು. ಜಾತಿಯ ಗೋಡೆಯನ್ನೂ ಅವರೇ ಕಾದರು. ಹನ್ನೆರಡನೆಯ ಶತಮಾನದಲ್ಲಿ ಇದೇ ಸೀಮೆಗೆ ಹತ್ತಿರದ ಕಲ್ಯಾಣದಲ್ಲಿ, ಸಮಗಾರ ಹರಳಯ್ಯನ ಮಗನಿಗೆ ಮಂತ್ರಿ ಮಧುವರಸನ ಮಗಳನ್ನು ಕೊಟ್ಟ ಸಂಬಂಧವು ಎಂಥ ರಕ್ತಪಾತಕ್ಕೆ ಕಾರಣವಾಯಿತೆಂಬುದನ್ನು, ಆ ಕಲ್ಯಾಣದ ಹೆಸರನ್ನೇ 2019ರಿಂದ ಹೊತ್ತಿರುವ ಪ್ರದೇಶದವರಾದ ನಾವು ಮರೆಯಬಾರದು. ಧನಿಕನ ಮಗಳು ಬಡವನ ಮನೆಗೆ ಬಂದ ಆ ಮದುವೆಯಲ್ಲಿ ಸಿರಿಯ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಗಂಡನನ್ನು ಕಳೆದುಕೊಂಡ ಮೂವತ್ತರ ಹೆಣ್ಣುಮಗಳಿಗೆ, ವಿಚ್ಛೇದನ ಪಡೆದು ತವರಿನಲ್ಲಿ ಕುಳಿತವಳಿಗೆ, ಅಂಗವೈಕಲ್ಯವಿರುವವರಿಗೆ, ಓದಿ ಮುಂದೆ ಹೋಗಿ ತನ್ನ ಜಾತಿಯೊಳಗೆ ಸರಿಸಮಾನ ವರನನ್ನು ಕಾಣದವಳಿಗೆ ಊರಿನ ಹಿರಿಯರ ಕೂಟವು ಯಾವ ಸಹಾಯವನ್ನು ಮಾಡಿತು? ಅಂಥವರಿಗೆ ಈ ಆ್ಯಪ್‌ಗಳು ನಿಜವಾದ ಬಾಗಿಲನ್ನೇ ತೆರೆದಿವೆ. ಆದುದರಿಂದ ನಾನು ಆ್ಯಪ್‌ಗಳನ್ನು ತ್ಯಜಿಸಿರೆಂದು ಹೇಳಲಾರೆ. ಆ್ಯಪ್ ಕಿತ್ತುಹಾಕಿದ ಸಾಕ್ಷಿಯನ್ನು ಆರಿಸುವವರು ತಾವೇ ತಂದು ನಿಲ್ಲಿಸಿಕೊಳ್ಳಬೇಕೆಂದು ಹೇಳುತ್ತೇನೆ.

ಅದು ಹೇಗೆಂದರೆ, ಐಶ್ವರ್ಯವನ್ನು ತೋರಿಸುವ ಆ್ಯಪಿಗಿಂತ ವ್ಯಕ್ತಿಯನ್ನು ಪರಿಶೀಲಿಸುವ ಆ್ಯಪನ್ನು ಆರಿಸಬೇಕು. ಗುರುತಿನ ಚೀಟಿಯನ್ನು ಕೇಳುವುದೆ, ದೂರು ಕೊಟ್ಟರೆ ಉತ್ತರ ಬರುವುದೆ, ಖಾತೆಯನ್ನು ಅಳಿಸಿದಾಗ ನಮ್ಮ ಚಿತ್ರಗಳನ್ನೂ ಅಳಿಸುವುದೆ ಎಂಬುದನ್ನು ಹಣ ಕಟ್ಟುವ ಮೊದಲೇ ಓದಿ ತಿಳಿಯಬೇಕು. ತನ್ನ ಆಸ್ತಿಯನ್ನು ತಾನು ಬರೆಯಬಾರದು: ಊರಿನ ಹೊಲ, ಮನೆಯ ಫೋಟೊ, ತಂದೆಯ ಹುದ್ದೆ ಇವು ವಂಚಕನಿಗೆ ಹಾಕುವ ಆಮಂತ್ರಣಗಳು. ಆಸ್ತಿಯುಳ್ಳ ಮನೆಯ ಹುಡುಗರಿಗೆ ಇದನ್ನು ಮುಖ್ಯವಾಗಿ ಹೇಳಬೇಕು. ಭೂಸ್ವಾಧೀನದ ಪರಿಹಾರದ ಹಣ ಬ್ಯಾಂಕಿನಲ್ಲಿರುವ ಕುಟುಂಬಗಳು ನಮ್ಮಲ್ಲಿ ಕೆಲವಿವೆ. ಮೊದಲ ಭೇಟಿಯು ಜನರಿರುವ ಸ್ಥಳದಲ್ಲಿ, ಗೆಳತಿಯೊಬ್ಬಳಿಗೆ ವಿಳಾಸವನ್ನು ತಿಳಿಸಿ ಆಗಬೇಕು. ಮಾತು ಮುಂದುವರಿದರೆ, ಎದುರಿನವನು ಕೆಲಸ ಮಾಡುವ ಕಚೇರಿ, ಅವನ ಊರು, ಅವನ ಬಳಗದ ಒಬ್ಬರಾದರೂ ಕಣ್ಣಿಗೆ ಕಾಣಬೇಕು. ಕಾಣಿಸಲು ಹಿಂಜರಿಯುವವನಿಗೆ ಕಾರಣವಿರುತ್ತದೆ. ಹಣದ ಮಾತು, ಅದು ಐದು ನೂರು ರೂಪಾಯಿಯಾಗಲಿ ಐದು ಲಕ್ಷವಾಗಲಿ, ಬಂದ ಕ್ಷಣಕ್ಕೆ ಪರಿಚಯವು ಮುಗಿಯಿತೆಂದು ತಿಳಿಯತಕ್ಕದ್ದು. ಮದುವೆಯ ಮಾತೇ ಆದರೆ ಎರಡು ಕಡೆಯವರೂ ತಮ್ಮ ತಮ್ಮ ಸಾಲಗಳನ್ನು ಮೊದಲು ಹೇಳಿಕೊಳ್ಳಲಿ. ಕಲಬುರಗಿ, ಯಾದಗಿರಿಗಳಲ್ಲಿ ಸಮುದಾಯಗಳ ವಧೂವರರ ಸಮಾವೇಶಗಳನ್ನು ನಡೆಸುವ ಮಠಗಳೂ ಸಂಘಗಳೂ ತಮ್ಮ ಅರ್ಜಿಗಳಲ್ಲಿ ಆಸ್ತಿಯ ಸಾಲಿಗೆ ಕೊಟ್ಟಷ್ಟೇ ಜಾಗವನ್ನು ಋಣದ ಸಾಲಿಗೂ ಕೊಡಲಿ ಎಂದು ಪ್ರಾರ್ಥಿಸುತ್ತೇನೆ. ಜಾತಿಯ ಸಾಲನ್ನು ತೆಗೆದುಹಾಕಲಿ ಎಂದು ಇನ್ನೂ ಗಟ್ಟಿಯಾಗಿ ಪ್ರಾರ್ಥಿಸುತ್ತೇನೆ.

ತಂದೆತಾಯಿಗಳಿಗೆ ಹೇಳಬೇಕಾದ ಮಾತೊಂದು ಉಳಿದಿದೆ. ವಂಚನೆಯಾದ ಕೂಡಲೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಎಂಬ ಸಂಖ್ಯೆಗೆ ಕರೆ ಮಾಡಿದರೆ, ಹೋದ ಹಣವು ಮೋಸಗಾರನ ಖಾತೆಯಿಂದ ಖಾತೆಗೆ ಹಾರುವ ಮೊದಲೇ ಅದನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಂಭವವುಂಟು. ತಡವಾದಷ್ಟೂ ಅದು ಕ್ಷೀಣಿಸುತ್ತದೆ. ಆ ಕರೆಯನ್ನು ಮಾಡಬೇಕಾದ ಹುಡುಗಿ ತನ್ನ ಕೋಣೆಯಲ್ಲಿ ಕುಳಿತು, ಅಪ್ಪನಿಗೆ ಗೊತ್ತಾದರೆ ಓದು ಬಿಡಿಸಿ ಊರಿಗೆ ಕರೆತರುವನೆಂದು, ಅಣ್ಣನಿಗೆ ಗೊತ್ತಾದರೆ ಹೊಡೆಯುವನೆಂದು ಹೆದರಿ, ಬೆದರಿಸುವವನಿಗೆ ಎರಡನೆಯ ಸಲ, ಮೂರನೆಯ ಸಲ ಹಣ ಕಳಿಸುತ್ತಾಳೆ. ಅವಳು ಮೊದಲನೆಯ ಕರೆಯನ್ನು ಮನೆಗೆ ಮಾಡುವಂತಿರಬೇಕು. "ಅಪ್ಪಾ, ಹಿಂಗಾಗ್ಯದ" ಎಂದು ಅವಳು ಹೇಳಿದಾಗ, ಬೈಗುಳವನ್ನು ಆಮೇಲಿಗೆ ಇಟ್ಟುಕೊಂಡು, "ಮೊದ್ಲ 1930ಕ್ಕ ಫೋನ್ ಹಚ್ಚು, ನಾ ಬಸ್ ಹಿಡೀತೀನಿ" ಎನ್ನುವ ತಂದೆಯಿರುವ ಮನೆಯ ಮಗಳು ಹಣವನ್ನು ತಡೆಹಿಡಿಯಬಹುದಾದ ಆ ಮೊದಲ ಗಂಟೆಗಳನ್ನು ಕಳೆದುಕೊಳ್ಳುವುದಿಲ್ಲ.